ಕರಿಮದ್ದಿನ ರಿವಾಲ್ವರ್: ಯಾವ ಪ್ರತಿಕೃತಿಗೆ ದುಡ್ಡು ಹಾಕಬಹುದು?

ಕೇಳಿದ್ದು: ಮದ್ದು, ಗುಂಡು ಬಿಡಿಯಾಗಿ ತುಂಬಿ, ಹಿಂಬದಿಗೆ ಸಿಡಿಯುವ ಪುಟ್ಟ ಕೇಪು ಕೂರಿಸಿ ಹೊಡೆಯುವ ಹಳೇ ಕೇಪು ರಿವಾಲ್ವರ್‌ನ ಈಗಿನ ಪ್ರತಿಕೃತಿ ಒಂದನ್ನು ಕೊಳ್ಳಬೇಕು. ರೇಂಜ್‌ನಲ್ಲಿ ಗುರಿ ಹೊಡೆಯಲು ಮಾತ್ರ. ಪಿಯೆಟ್ಟಾ ಕಂಪನಿಯದಾ, ಉಬೆರ್ಟಿಯದಾ? ಹಿತ್ತಾಳೆ ಫ್ರೇಮಿನದು ಅಗ್ಗಕ್ಕೆ ಸಿಗುತ್ತಿದೆ, ಅದು ಸಾಕಾಗುತ್ತಾ? ಬಳಸಿದವರು ಹೇಳಿ.

—

ಕಂಪನಿ ಆಮೇಲೆ ನೋಡೋಣ, ಮೊದಲು ಹಿತ್ತಾಳೆ ಬಿಡಿ. ಪ್ರತಿ ಹೊಡೆತಕ್ಕೂ ಸಿಲಿಂಡರ್, ಅಂದರೆ ಮದ್ದು-ಗುಂಡು ತುಂಬುವ ತಿರುಗು ಭಾಗ, ಹಿಂದಕ್ಕೆ ಒದೆಯುತ್ತದೆ. ಉಕ್ಕು ತಡೆದುಕೊಳ್ಳುತ್ತದೆ, ಹಿತ್ತಾಳೆ ಮೆತ್ತಗೆ. ನನ್ನದರಲ್ಲಿ ಸಿಲಿಂಡರ್ ಹಲ್ಲುಗಳ ಅಚ್ಚು ಫ್ರೇಮಿನ ಮೇಲೆ ಉಂಗುರದ ಹಾಗೆ ಮೂಡಿದೆ. ಸಿಲಿಂಡರ್ ಸುತ್ತುವ ನಡುಗೂಟ, ಅಂದರೆ ಆರ್ಬರ್ ಕೂಡ ಬುಡದಲ್ಲಿ ಸಡಿಲಾಗುತ್ತಿದೆ. ಮದ್ದು ಕಡಿಮೆ ಹಾಕಿದರೆ ಜಾಸ್ತಿ ದಿನ ಬರುತ್ತೆ, ನಿಜ. ಆದರೆ ಉಕ್ಕಿನದಕ್ಕೆ ಕೊಡುವ ಹೆಚ್ಚಿನ ದುಡ್ಡು ಯಾವತ್ತೂ ದಂಡವಲ್ಲ. ಇನ್ನೊಂದು ಮಾತು: ಕೋಲ್ಟ್‌ನ ಅಸಲಿ 1851 ನೇವಿ .36 ಕ್ಯಾಲಿಬರಿನದು. ಅಂಗಡಿಯಲ್ಲಿ ಕಾಣುವ ಹಿತ್ತಾಳೆಯ .44 ನೇವಿ ಆ ಕಾಲದಲ್ಲಿ ಇರಲೇ ಇಲ್ಲ.

—

ಪಿಯೆಟ್ಟಾ, ಉಬೆರ್ಟಿ ಎರಡೂ ಇಟಲಿಯ ಬ್ರೆಶಾ ಪ್ರಾಂತ್ಯದವು. ಉಬೆರ್ಟಿಯ ಬಣ್ಣ, ಮೆರುಗು ನನಗೆ ಹೆಚ್ಚು ಇಷ್ಟ. ಬೆಲೆಗೆ ತಕ್ಕ ಮಾಲು ಅಂದರೆ ಪಿಯೆಟ್ಟಾ, ಇತ್ತೀಚಿನವುಗಳ ಜೋಡಣೆ ಬಹಳ ಚೆನ್ನಾಗಿದೆ. ಹಳೇದು ಕೊಳ್ಳುವುದಾದರೆ ಬಂದೂಕು ಪರೀಕ್ಷೆಯಾಗಿದೆ ಅಂತ ಲೋಹದ ಮೇಲೆ ಒತ್ತಿದ ಮುದ್ರೆಗಳ ಹತ್ತಿರ ಪುಟ್ಟ ಚೌಕದೊಳಗೆ ಅಕ್ಷರಗಳಿವೆಯಾ ನೋಡಿ. ತಯಾರಾದ ವರ್ಷ ಅದರಿಂದ ಗೊತ್ತಾಗುತ್ತೆ.

ಯಾವ ಹೆಸರಿದ್ದರೂ ಕೋಲ್ಟ್ ಮಾದರಿಯಲ್ಲಿ ಆರ್ಬರ್ ಉದ್ದ ನೋಡದೆ ಕೊಳ್ಳಬೇಡಿ. ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು ವೆಜ್, ಅಂದರೆ ಬ್ಯಾರೆಲ್ಲನ್ನು ಆರ್ಬರ್‌ಗೆ ಬಿಗಿಯುವ ಬೆಣೆ, ತೆಗೆಯಿರಿ. ಬ್ಯಾರೆಲ್ಲನ್ನು ಓರೆಯಾಗಿ ತಿರುಗಿಸಿ ಆರ್ಬರ್ ಮೇಲೆ ಪೂರ್ತಿ ತಳ್ಳಿ. ಬ್ಯಾರೆಲ್ಲಿನ ಕೆಳತುದಿ ಫ್ರೇಮಿನ ಅಂಚಿಗೆ ಸಮವಾಗಿ ನಿಂತರೆ ಸರಿ. ಅಂಚು ದಾಟಿ ಹಿಂದೆ ಹೋದರೆ ಆರ್ಬರ್ ಗಿಡ್ಡ. ಆಗ ವೆಜ್ ಬಡಿದಷ್ಟೂ ಬ್ಯಾರೆಲ್ ಹಿಂದಕ್ಕೆ ಬಂದು ಸಿಲಿಂಡರನ್ನೇ ಒತ್ತಿ ಹಿಡಿಯುತ್ತದೆ. ಕೈಬಲ್ಲ ಗನ್‌ಸ್ಮಿತ್‌ಗೆ ಇದು ಸಣ್ಣ ಕೆಲಸ. ಆದರೆ ಆ ಖರ್ಚು ಸೇರಿಸಿ ಬೆಲೆ ಹೋಲಿಸಿ.

—

ನಾನು ರೆಮಿಂಗ್ಟನ್ 1858 ಪಕ್ಷ. ಸಿಲಿಂಡರ್ ಮೇಲೆ ಹಾಯುವ ಪಟ್ಟಿ ಇರುವುದರಿಂದ ಫ್ರೇಮ್ ಗಟ್ಟಿ, ವೆಜ್ ತಾಪತ್ರಯ ಇಲ್ಲ, ಸಿಲಿಂಡರ್ ಸುಲಭವಾಗಿ ಕೈಗೆ ಬರುತ್ತೆ. ಕೋಲ್ಟ್‌ನಲ್ಲಿ ಒಡೆದ ಕೇಪಿನ ಚೂರು ಹ್ಯಾಮರ್ ಸಂದಿಗೆ ಬಿದ್ದು ಸಿಕ್ಕಿಕೊಳ್ಳುವುದು ಜಾಸ್ತಿ. ಆದರೆ ಸುಟ್ಟ ಮದ್ದಿನ ಮಸಿ ಕಟ್ಟುವ ವಿಷಯದಲ್ಲಿ ಕೋಲ್ಟೇ ಮೇಲು. ರೆಮಿಂಗ್ಟನ್ನಿನಲ್ಲಿ ಸಿಲಿಂಡರ್ ಸುತ್ತುವ ಪಿನ್ ಸಣ್ಣದು, ಮಸಿಗೆ ಬೇಗ ಬಿಗಿಯುತ್ತದೆ. ಗ್ರೀಸ್ ಹಚ್ಚಲೇಬೇಕು.

—

ಬಜೆಟ್ ಇದ್ದರೆ ರೂಗರ್ ಕಂಪನಿಯ ಓಲ್ಡ್ ಆರ್ಮಿ ಹುಡುಕಿ. ಯಾವುದರ ಪ್ರತಿಕೃತಿಯೂ ಅಲ್ಲ, ಆದರೆ ಗಟ್ಟಿತನದಲ್ಲಿ ಸಾಟಿಯಿಲ್ಲ. 1972ರಿಂದ 2008ರವರೆಗೆ ಬಂತು, ಈಗ ಸೆಕೆಂಡ್‌ಹ್ಯಾಂಡ್ ಮಾತ್ರ.

ಗುಂಡು, ಕೇಪಿನ ಅಳತೆ ಆಯಾ ರಿವಾಲ್ವರಿಗೆ ಹೊಂದಬೇಕು. ಗುಂಡು ಒತ್ತಿದಾಗ ಸೀಸದ ತೆಳು ಉಂಗುರ ಕತ್ತರಿಸಿ ಬರಬೇಕು. ಕೂರಿಸಿದ ಕೇಪು ಬೆರಳು ತಾಗಿಸಿದರೆ ಅಲುಗಾಡಬಾರದು. ಸಡಿಲಿದ್ದರೆ ಸಿಲಿಂಡರಿನ ಪಕ್ಕದ ಕೋಣೆಯ ಮದ್ದಿಗೂ ಬೆಂಕಿ ಹತ್ತಬಹುದು. ಕರಿಮದ್ದು ಅಥವಾ ಅದಕ್ಕೆಂದೇ ಮಾಡಿದ ಬದಲಿ ಮದ್ದು ಬಿಟ್ಟು ಹೊಗೆರಹಿತ ಮದ್ದನ್ನು ಚಿಟಿಕೆಯಷ್ಟೂ ಹಾಕಬೇಡಿ, ಸಿಲಿಂಡರ್ ಸಿಡಿಯುತ್ತದೆ.

ಹಳೇದಾದರೆ ಕೇಪು ಕೂರುವ ಆರೂ ನಿಪ್ಪಲ್ ಬಿಚ್ಚಿ ತೋರಿಸಲು ಹೇಳಿ. ತುಕ್ಕು ಹಿಡಿದು ಬಿಚ್ಚಲು ಬರದಿದ್ದರೆ ಎಷ್ಟೇ ಅಗ್ಗವಾದರೂ ಬೇಡ.