ಪದಚರ್ಚೆ: ಹಳೇ ಕೋವಿಯ ಮೇಲೆ ಕೂತ ಕಂದು ಬಣ್ಣಕ್ಕೆ ಏನಂತೀರಿ?

ಗೆಳೆಯರೇ, ನಮಸ್ಕಾರ.

ಕಬ್ಬಿಣದ ಮೇಲೆ ಎರಡು ತರದ ಬಣ್ಣ ಕೂರುತ್ತದೆ. ಒಂದು, ಕಬ್ಬಿಣವನ್ನು ತಿನ್ನುವ ಕೆಂಪು. ಅದಕ್ಕೆ ತುಕ್ಕು ಅಂತೀವಿ, ಅದರಲ್ಲಿ ಯಾರಿಗೂ ತಕರಾರಿಲ್ಲ. ಇನ್ನೊಂದು, ಎಷ್ಟೋ ವರ್ಷ ಕೈಯಾಡಿ, ಎಣ್ಣೆ ಕುಡಿದು, ಕಪ್ಪಿಗೂ ಕೆಂಪಿಗೂ ನಡುವೆ ನಿಂತುಬಿಡುವ ಬಣ್ಣ. ಮುಟ್ಟಿದರೆ ನುಣ್ಣಗಿರುತ್ತದೆ. ಆಗಾಗ ಎಣ್ಣೆ ಕಾಣಿಸುತ್ತಿದ್ದರೆ ಅದರಿಂದ ಕಬ್ಬಿಣಕ್ಕೆ ಕೆಡುಕಿಲ್ಲ. ಈ ಎರಡನೆಯದಕ್ಕೆ ನಿಮ್ಮ ಊರಲ್ಲಿ ಏನಂತೀರಿ?

ಸುಮ್ನೆ ಕೇಳುತ್ತಿಲ್ಲ. ನಮ್ಮದು ಸಕಲೇಶಪುರ ಕಡೆಯ ತೋಟದ ಮನೆ. ಅಜ್ಜ ಒಬ್ಬ ದೊರೆಯಿಂದ ಕೊಂಡಿದ್ದ ವಿಂಚೆಸ್ಟರ್ ರೈಫಲ್ಲು ಅಪ್ಪನ ಹೆಸರಿಗೆ ಬಂದು, ಈಗ ನನ್ನ ಪರವಾನಗಿಯಲ್ಲಿದೆ. ಅದನ್ನು ಒಂದು ಒಳ್ಳೆಯ ಸ್ಥಿತಿಗೆ ತರೋಣ ಅಂತ ಹೊರಟಿದ್ದೇನೆ. ಅಂಗಡಿಯವರಿಗೆ ಏನು ಮಾಡಬೇಕು, ಏನು ಮಾಡಬಾರದು ಅಂತ ಕನ್ನಡದಲ್ಲಿ ಹೇಳಲು ಹೋದರೆ ಪದವೇ ಸಿಗುತ್ತಿಲ್ಲ.

ಮೊದಲು ಕೋವಿಯ ಬಗ್ಗೆ ನಾಲ್ಕು ಮಾತು. ಇದು ಮಾದರಿ 1894. ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ್ದು. 2006ರ ತನಕ 70 ಲಕ್ಷಕ್ಕೂ ಹೆಚ್ಚು ತಯಾರಾದವು. (ಕಿಟ್ಟೆಲ್ ನಿಘಂಟು ಅಚ್ಚಾಗಿದ್ದೂ 1894ರಲ್ಲೇ. ಇಲ್ಲಿ ಇದನ್ನು ಹೇಳದೆ ಇರಲು ನನ್ನಿಂದಾಗಲಿಲ್ಲ.) ಹಿಡಿಯ ಕೆಳಗೆ ಬೆರಳು ತೂರಿಸುವ ಒಂದು ಕಬ್ಬಿಣದ ಕುಣಿಕೆ ಇದೆ. ಅದನ್ನು ಕೆಳಕ್ಕೆ ತಳ್ಳಿದರೆ ಪೆಟ್ಟಿಗೆಯ, ಅಂದರೆ ನಳಿಗೆಯ ಹಿಂದೆ ಯಂತ್ರವಿರುವ ಭಾಗದ, ತಳವೇ ಬಾಯಿ ಬಿಟ್ಟಂತೆ ಇಳಿಯುತ್ತದೆ. ಖಾಲಿ ತೋಟಾ ಮೇಲಿನಿಂದ ಹಾರುತ್ತದೆ, ಕುದುರೆ, ಅಂದರೆ ಈಡು ಹೊಡೆಯಲು ಬಡಿಯುವ ಸುತ್ತಿಗೆ, ಹಿಂದಕ್ಕೆ ಮಲಗುತ್ತದೆ. ಮೇಲಕ್ಕೆಳೆದರೆ ಹೊಸ ತೋಟಾ ನಳಿಗೆಗೆ ಹೋಗಿ ಕೂರುತ್ತದೆ.

ಶಾಲೆಯ ಪುಸ್ತಕದ ಪ್ರಕಾರ ಆ ಕುಣಿಕೆ 'ಸನ್ನೆ' ಅಥವಾ 'ಸನ್ನೆಗೋಲು' ಆಗಬೇಕು. ನಮ್ಮ ಮನೆಯಲ್ಲಿ ಮಾತ್ರ ಅದು 'ಬಳೆ'. 'ಬಳೆ ಬಿಡು', 'ಬಳೆ ಎಳಿ' ಅಂತಲೇ ಅಪ್ಪ ಹೇಳುತ್ತಿದ್ದರು. ನನಗೆ ಬಳೆಯೇ ಸಾಕು. ಸನ್ನೆ ಅಂದರೆ ಕಣ್ಸನ್ನೆ ಕೈಸನ್ನೆ ನೆನಪಾಗುತ್ತದೆ, ಕೋವಿ ಹಿಡಿದವನು ಸನ್ನೆ ಮಾಡಿದ ಅಂದರೆ ಕತೆಯೇ ಬೇರೆ ಆಗುತ್ತದೆ, ಅಲ್ವಾ?

ಈಗ ಬಣ್ಣದ ವಿಷಯ. ಪಕ್ಕದ ತೋಟದವರು ತಮ್ಮ ಹಳೇ ಜೋಡಿ ನಳಿಗೆ ಕೋವಿಯನ್ನು ಒಂದು ಅಂಗಡಿಗೆ ಕೊಟ್ಟು 'ತುಕ್ಕು ತೆಗೆದು ಕೊಡಿ' ಅಂದರು. ಅಂಗಡಿಯವನು ತೆಗೆದ. ಉಜ್ಜುವ ಚಕ್ರಕ್ಕೆ ಹಿಡಿದು ನಳಿಗೆಯನ್ನು ಸ್ಟೀಲ್ ಲೋಟದ ಹಾಗೆ ಫಳಫಳ ಮಾಡಿ, ಮೇಲೆ ಕಪ್ಪು ಕಲರ್ ಹೊಡೆದು ಕೊಟ್ಟ. ತುಕ್ಕಿನ ಜೊತೆ ತಯಾರಕರ ಹೆಸರಿನ ಅಕ್ಷರಗಳೂ ಅರ್ಧ ಸವೆದವು, ಮೂಲೆಗಳೆಲ್ಲ ದುಂಡಗಾದವು. ಅವನನ್ನು ಬೈದು ಪ್ರಯೋಜನವಿಲ್ಲ. ಹೇಳಿದ ಕೆಲಸ ಮಾಡಿದ್ದಾನೆ. ಕೆಂಪಗಿದ್ದದ್ದೂ ಕಂದಗಿದ್ದದ್ದೂ ಎರಡೂ ಅವನ ಲೆಕ್ಕದಲ್ಲಿ ತುಕ್ಕೇ.

ನನ್ನ ರೈಫಲ್ಲಿನ ನಳಿಗೆಯ ಮೇಲೆ 'ನಿಕಲ್ ಸ್ಟೀಲ್' ಅಂತ ಸಣ್ಣ ಇಂಗ್ಲಿಷ್ ಅಕ್ಷರಗಳಿವೆ. ಹೊಗೆಯಿಲ್ಲದ ಮದ್ದು ಬಂದಾಗ ಅದರ ಒತ್ತಡ ತಡೆಯಲು ಗಟ್ಟಿ ಉಕ್ಕು ಹಾಕಿದ್ದೇವೆ ಅಂತ ಕಂಪನಿ ಸಾರಿಕೊಂಡಿದ್ದು ಹಾಗೆ. ಉಗುರು ಆಡಿಸಿದರೆ ಒಂದೊಂದು ಅಕ್ಷರದ ಅಂಚೂ ಇನ್ನೂ ತಾಗುತ್ತದೆ. ಚಕ್ರಕ್ಕೆ ಹಿಡಿದರೆ ಮೊದಲು ಹೋಗುವುದೇ ಅದು. ಹಳೇ ಕೋವಿ ಕೊಳ್ಳುವವರು ನೋಡುವುದೂ ಅದನ್ನೇ. ಮೂಲ ಮೈ ಉಳಿದಿದ್ದರೆ ಬೆಲೆ ಜಾಸ್ತಿ, ಹೊಸದಾಗಿ ಮಿಂಚಿಸಿದ್ದಕ್ಕೆ ಕಡಿಮೆ.

ಹಾಗಾದರೆ ಯಾವುದು ತುಕ್ಕು, ಯಾವುದು ಅಲ್ಲ? ಬಿಳಿ ಬಟ್ಟೆಗೆ ಎಣ್ಣೆ ಹಾಕಿ ಉಜ್ಜಿ. ಬಟ್ಟೆಗೆ ಕಿತ್ತಳೆ ಕೆಂಪಿನ ಪುಡಿ ಹತ್ತುತ್ತಲೇ ಇದ್ದರೆ ಅದು ಬದುಕಿರುವ ತುಕ್ಕು. ತುಂಬಾ ನಯವಾದ ಉಕ್ಕಿನ ನಾರಿಗೆ, ಅಂಗಡಿಯಲ್ಲಿ ನಾಲ್ಕು ಸೊನ್ನೆ ಅಂತ ಕೇಳಬೇಕು, ಎಣ್ಣೆ ಹಾಕಿ ಮೆಲ್ಲಗೆ ತಿಕ್ಕಿದರೆ ಆ ಕೆಂಪು ಬಿಟ್ಟುಕೊಳ್ಳುತ್ತದೆ. ಕೆಳಗಿನ ಕಂದು ಅಲ್ಲೇ ಇರುತ್ತದೆ. ಎಣ್ಣೆಯಿಲ್ಲದೆ ಒಣಗಿದ್ದನ್ನು ತಿಕ್ಕಿದರೆ ಗೀರು ಬೀಳುತ್ತದೆ.

ಇನ್ನೊಂದು ತಮಾಷೆ ಇದೆ. ಹೊಸ ಕೋವಿಯ ನೀಲಿಗಪ್ಪು ಬಣ್ಣ ಇದೆಯಲ್ಲ, ಬ್ಲೂಯಿಂಗ್ ಅನ್ನುತ್ತಾರಲ್ಲ, ಅದೂ ತುಕ್ಕಿನ ಜಾತಿಯದೇ. ಹಳೇ ವಿಧಾನದಲ್ಲಿ ಉಕ್ಕಿಗೆ ಬೇಕಂತಲೇ ತೆಳುವಾಗಿ ತುಕ್ಕು ಬರಿಸಿ, ಕುದಿಯುವ ನೀರಿಗೆ ಹಾಕುತ್ತಾರೆ. ಕೆಂಪು ತುಕ್ಕು ಕಪ್ಪಾಗುತ್ತದೆ. ಮೇಲಿನ ಪುಡಿ ತಿಕ್ಕಿ ತೆಗೆದು ಮತ್ತೆ ತುಕ್ಕು, ಮತ್ತೆ ಕುದಿ. ಹೀಗೆ ಹಲವು ಸಲ. ಅಂದರೆ ಕಬ್ಬಿಣವನ್ನು ಕಾಯುವ ತುಕ್ಕೂ ಉಂಟು, ತಿನ್ನುವ ತುಕ್ಕೂ ಉಂಟು. ಎರಡಕ್ಕೂ ಒಂದೇ ಪದ ಇಟ್ಟುಕೊಂಡರೆ ಪಕ್ಕದ ತೋಟದವರ ಕೋವಿಯ ಗತಿಯೇ.

ಹಿತ್ತಾಳೆ ತಾಮ್ರಕ್ಕೆ ನಮ್ಮಲ್ಲಿ ಬೇರೆ ಪದವೇ ಇದೆ: ಕಿಲುಬು. ಕಬ್ಬಿಣ ಕಿಲುಬುವುದಿಲ್ಲ, ತಂಬಿಗೆಗೆ ತುಕ್ಕು ಹಿಡಿಯುವುದಿಲ್ಲ. ಅಜ್ಜನ ಚರ್ಮದ ತೋಟಾ ಪಟ್ಟಿಯಲ್ಲಿ ಸಿಕ್ಕಿಸಿಟ್ಟಿದ್ದ ಹಿತ್ತಾಳೆ ತೋಟಾಗಳ ಮೇಲೆ ಹಸಿರು ಮೇಣದಂಥದ್ದು ಕಟ್ಟಿಕೊಂಡಿತ್ತು. ಚರ್ಮ ಹದ ಮಾಡಲು ಬಳಸಿದ್ದು ಹಿತ್ತಾಳೆಗೆ ತಾಗಿ ಹಾಗಾಗುತ್ತದೆ. ಕೋವಿಯನ್ನು ಚರ್ಮದ ಚೀಲದಲ್ಲಿ ಇಡಬಾರದು ಅನ್ನುವುದೂ ಇದಕ್ಕೇ. ನಮ್ಮ ಮಳೆಗಾಲದಲ್ಲಂತೂ ಚರ್ಮ ತೇವ ಕುಡಿದು ಕೂತಿರುತ್ತದೆ.

ಎರಡನೆಯ ಬಣ್ಣಕ್ಕೆ ನಾನು ಯೋಚಿಸಿದ ಪದಗಳು ಇವು. 'ಮಾಸಿದೆ' ಅಂದರೆ ಒಗೆಯಬೇಕು ಅನ್ನುವ ಅರ್ಥ ಬಂದುಬಿಡುತ್ತದೆ. 'ಕರೆ' ಬಾಳೆಯದು, ಗೇರಿನದು. ಅದೂ ಹೋಗಬೇಕಾದದ್ದೇ. 'ಮಾಗಿದೆ' ಚೆನ್ನಾಗಿದೆ, ಆದರೆ ರಿಪೇರಿ ಅಂಗಡಿಯಲ್ಲಿ ನಿಂತು 'ಕಬ್ಬಿಣ ಮಾಗಿದೆ ಸ್ವಾಮಿ' ಅಂದರೆ ಮುಖ ನೋಡುತ್ತಾರೆ. 'ಪಳಗಿದ' ಹತ್ತಿರ ಬರುತ್ತದೆ. ದೋಸೆ ಕಾವಲಿಯನ್ನು ಪಳಗಿಸುತ್ತೀವಿ, ಪಳಗಿದ ಕಾವಲಿಯನ್ನು ಯಾರಾದರೂ ಬೂದಿ ಹಾಕಿ ಬೆಳ್ಳಗೆ ತಿಕ್ಕಿದರೆ ಮನೆಯಲ್ಲಿ ಜಗಳವೇ. ಕೋವಿಗೂ ಅದೇ ನ್ಯಾಯ. ಆದರೆ ಪಳಗದ ಕಾವಲಿಯಲ್ಲಿ ದೋಸೆ ಏಳುವುದಿಲ್ಲ, ಕೋವಿಯಾದರೋ ಹೊಸದರಲ್ಲೇ ಸರಿಯಾಗಿ ಈಡು ಹೊಡೆಯುತ್ತದೆ. ಹಾಗಾಗಿ ಪೂರ್ತಿ ಹೊಂದುವುದಿಲ್ಲ.

ನನ್ನ ಮನಸ್ಸು ಸದ್ಯ 'ಕಂದು' ಕಡೆಗಿದೆ. ಬಿಸಿಲಿಗೆ ಮುಖ ಕಂದುತ್ತದೆ, ಅದು ಬಣ್ಣವೂ ಹೌದು ಕ್ರಿಯೆಯೂ ಹೌದು. ಅದರ ಜೊತೆ ಯಾವ ಕ್ರಿಯಾಪದ ಸೇರಿಸುತ್ತೀವಿ ಅನ್ನುವುದು ಮುಖ್ಯ. ತುಕ್ಕು 'ಹಿಡಿಯುತ್ತದೆ'. ಜ್ವರ, ಹುಚ್ಚು, ಗೆದ್ದಲು ಎಲ್ಲ ಹಿಡಿಯುವಂಥವೇ. ಕೆನೆ 'ಕಟ್ಟುತ್ತದೆ', ಹೆಪ್ಪು 'ಕಟ್ಟುತ್ತದೆ'. ಪಾಚಿಯೂ ಕಟ್ಟುತ್ತದೆ, ಒಪ್ಪಿದೆ. ಆದರೂ ಕಟ್ಟುವುದರಲ್ಲಿ ರೋಗದ ವಾಸನೆ ಇಲ್ಲ. 'ತುಕ್ಕು ಹಿಡಿದ ಕಡೆ ತೆಗೀರಿ, ಕಂದು ಕಟ್ಟಿದ ಕಡೆ ಮುಟ್ಟಬೇಡಿ.' ಇದನ್ನು ಅಂಗಡಿಯಲ್ಲಿ ಹೇಳಬಹುದು ಅನಿಸುತ್ತದೆ. ಪ್ಯಾಟಿನಾ ಅಂತ ಇಂಗ್ಲಿಷಿನದನ್ನೇ ಬಳಸಿ ಅಂತ ಒಬ್ಬರು ಹೇಳಿದರು. ಬಳಸಬಹುದು, ಆದರೆ ಅಂಗಡಿಯವನಿಗೆ ಅದು ಪೇಂಟಿನ ಹೆಸರು ಅನಿಸಿದರೆ ಕೆಲಸ ಕೆಟ್ಟಿತು.

ಇನ್ನು ಈ ಇಡೀ ಕೆಲಸಕ್ಕೆ 'ಜೀರ್ಣೋದ್ಧಾರ' ಅನ್ನುವ ಹೆಸರು ಬೇಡವೇ ಬೇಡ. ನಮ್ಮ ಕಡೆ ಹಳೇ ಗುಡಿಗಳ ಜೀರ್ಣೋದ್ಧಾರ ಅಂದರೆ ಕಲ್ಲಿನ ಕಂಬಕ್ಕೆ ಆಯಿಲ್ ಪೇಂಟು, ನೆಲಕ್ಕೆ ಟೈಲ್ಸು. 'ಓರಣ ಮಾಡುವುದು' ಸಾಲದೇ?

ಮರದ ಹಿಡಿಯ ವಿಷಯದಲ್ಲಿ ಕಷ್ಟವಿಲ್ಲ. ಅದು ಅಕ್ರೋಟು ಮರ. ಪೆಟ್ಟು ಬಿದ್ದು ತಗ್ಗಾದ ಕಡೆ ಒದ್ದೆ ಬಟ್ಟೆ ಹಾಸಿ ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿದರೆ ಹಬೆಗೆ ನಾರು ಉಬ್ಬಿ ಮೇಲೆ ಬರುತ್ತದೆ. ಚೂರು ಎದ್ದುಹೋದ ಕಡೆ ಬರುವುದಿಲ್ಲ. ಆಮೇಲೆ ಅಗಸೆ ಎಣ್ಣೆ, ತೆಳ್ಳಗೆ, ಕೈಯಲ್ಲೇ. ಅಗಸೆ ಅಂದರೆ ಎಣ್ಣೆಬೀಜದ ಅಗಸೆ. ಉತ್ತರ ಕರ್ನಾಟಕದವರು ಊರಬಾಗಿಲು ಅಂದುಕೊಳ್ಳಬೇಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಕಾದು ಬೆಂಕಿ ಹೊತ್ತಿಕೊಳ್ಳಬಹುದು. ಬಿಡಿಸಿ ಒಣಗಿಸಿ.

ಹಳೇ ಪದಗಳು ಈ ಹೊಸ ಯಂತ್ರಕ್ಕೆ ಒಗ್ಗಿದ ರೀತಿ ನನಗೆ ಖುಷಿ ಕೊಟ್ಟಿದೆ. ಮದ್ದು ಜಡಿಯುವ ಕೋಲು 'ಗಜ' ಆಗಿತ್ತು. ಈಗ ನಳಿಗೆ ಒರೆಸುವ ಕಡ್ಡಿಗೂ ಗಜ ಅಂತಲೇ ಅಂತೀವಿ. ಈ ರೈಫಲ್ಲಿನ ಪೆಟ್ಟಿಗೆಗೆ ಹಿಂದಿನಿಂದ ದಾರಿಯಿಲ್ಲ, ಹಾಗಾಗಿ ಗಜ ಬಾಯಿಯ ಕಡೆಯಿಂದಲೇ ಹೋಗಬೇಕು. ಬಾಯಿಯ ಅಂಚಿಗೆ ಉಜ್ಜದಂತೆ ನೋಡಿಕೊಳ್ಳಬೇಕು, ಅದು ಸವೆದರೆ ಗುರಿ ತಪ್ಪುತ್ತದೆ. ಹಾಗೆಯೇ 'ಕೇಪು'. ಕೇಪಿನ ಕೋವಿಯ ಕಾಲ ಹೋದರೂ ತೋಟಾದ ಹಿಂದಿನ, ಪೆಟ್ಟು ಬಿದ್ದರೆ ಕಿಡಿ ಹಾರುವ ಬಿಲ್ಲೆಗೆ ಆ ಹೆಸರು ಉಳಿದಿದೆ. ಇಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಸಾಲಾಗಿ ಮಲಗುತ್ತವೆ, ಒಂದರ ಮೂತಿ ಮುಂದಿನದರ ಕೇಪಿಗೆ ತಾಗುತ್ತದೆ. ಅದಕ್ಕೇ ಮೊಂಡು ಮೂತಿಯ ಗುಂಡೇ ಆಗಬೇಕು. ಚೂಪಾದದ್ದು ಹಾಕಿದರೆ ಹೊಡೆದ ಹೊಡೆತಕ್ಕೆ ಕೊಳವೆಯೊಳಗೇ ಸಿಡಿಯಬಹುದು.

ತೋಟಾ ಸಿಗುವುದೇ ಅಪರೂಪ ಆದ್ದರಿಂದ ನನ್ನ ಸುಖವೆಲ್ಲ ಒರೆಸುವುದರಲ್ಲಿ, ಬಳೆ ಆಡಿಸುವುದರಲ್ಲಿ. ಪೆಟ್ಟಿಗೆ ಚಪ್ಪಟೆ, ತೂಕ ಸರಿಯಾಗಿ ಅದರ ಮುಂದೆ ಬರುತ್ತದೆ, ಒಂದೇ ಕೈಲಿ ಹಿಡಿದು ತೋಟ ಸುತ್ತಿದರೂ ಭಾರ ಅನಿಸುವುದಿಲ್ಲ. ಶಿಕಾರಿಯ ಮಾತು 1972ರ ವನ್ಯಜೀವಿ ಕಾಯ್ದೆಗೇ ಮುಗಿಯಿತು. ಒಳಗಿನ ಭಾಗಗಳ ಕೆಲಸ ಪರವಾನಗಿ ಇರುವ ರಿಪೇರಿಯವರದು, ಅದಕ್ಕೇ ಈ ಪದಗಳ ತಲೆಬಿಸಿ.

ನನಗೆ ಬೇಕಾದ್ದು ಮೂರು. ಕಬ್ಬಿಣದ ಆ ಕಂದಿಗೆ ನಿಮ್ಮ ಮನೆಯ ಪದ. ಕತ್ತಿ, ನೇಗಿಲ ಗುಳ, ಅಡಕೆ ಕತ್ತರಿ ಯಾವುದಕ್ಕೆ ಬಳಸಿದ್ದಾದರೂ ಸರಿ. ಕುದುರೆಯನ್ನು ಅರ್ಧಕ್ಕೆ ಎತ್ತಿ ನಿಲ್ಲಿಸುವ ಸ್ಥಿತಿಗೆ ಹೆಸರು. ಅಪ್ಪ 'ಕುದುರೆ ಅರ್ಧಕ್ಕಿಡು' ಅನ್ನುತ್ತಿದ್ದರು, ಒಂದೇ ಪದ ಇದ್ದರೆ ತಿಳಿಸಿ. ಮತ್ತೆ, ಬಳೆಗೆ ಮೂಡಿಗೆರೆ, ಕೊಪ್ಪ ಕಡೆ ಬೇರೆ ಹೆಸರಿದೆಯೇ? ಬರೆಯುವಾಗ ಊರು ತಾಲ್ಲೂಕು ನಮೂದಿಸಿ. ಕಮ್ಮಾರರ ಮನೆಯಲ್ಲಿ ಹುಟ್ಟಿದವರು ಯಾರಾದರೂ ಇದ್ದರೆ ಅವರ ಉತ್ತರಕ್ಕೆ ನನ್ನ ಕಂದನ್ನು ಬಿಟ್ಟುಕೊಡಲು ತಯಾರಿದ್ದೇನೆ.