ಉಪ್ಪು ನೀರಲ್ಲಿ ಮುಳುಗಿದ ಬೀಜವೂ ಮೊಳೆಯುತ್ತಿಲ್ಲ, ಎಂತ ಮಾಡುವುದು?

ಬ್ರಹ್ಮಾವರದ ಹಿತ್ತಿಲು:
ತಲೆ ಕೆಟ್ಟು ಹೋಗಿದೆ ಮಾರಾಯ್ರೆ. ಬೀಜ ಆರಿಸಿ ಬಿತ್ತಿ ಅಂತ ಎಲ್ಲರೂ ಹೇಳುತ್ತಾರೆ, ಅದಕ್ಕೆ ಉಪ್ಪು ನೀರಿಗೆ ಹಾಕಿ ತೇಲಿದ್ದನ್ನೆಲ್ಲ ಬಿಸಾಡಿ ಮುಳುಗಿದ್ದನ್ನು ಮಾತ್ರ ಟ್ರೇಗೆ ಹಾಕಿದೆ. ಅಲ್ಲೊಂದು ಇಲ್ಲೊಂದು ಮೊಳಕೆ. ಉಳಿದದ್ದನ್ನು ಅಗೆದು ಒತ್ತಿದರೆ ಸಿಪ್ಪೆಯೊಳಗೆ ಬರೀ ಹಳದಿ ಲೋಳೆ. ಮಣ್ಣು, ನೀರು ಎಲ್ಲ ಸರಿ ಉಂಟು. ಮಳೆ ಹಿಡಿಯುವ ಮೊದಲು ಬಳ್ಳಿ ಚಪ್ಪರ ಹತ್ತಬೇಕು.

ಗದ್ದೆಬದಿ:
ಉಪ್ಪು ಕಡಿಮೆ ಆಗಿದೆ. ಭತ್ತಕ್ಕೆ ಮಾಡುವ ಹಾಗೆ ನೀರಿಗೆ ಒಂದು ಹಸಿ ಕೋಳಿಮೊಟ್ಟೆ ಬಿಡಿ, ಅದು ತೇಲುವವರೆಗೆ ಉಪ್ಪು ಕರಗಿಸಿ, ಆಮೇಲೆ ಬೀಜ ಹಾಕಿ. ಜೊಳ್ಳು ಪೂರಾ ಮೇಲೆ ಬರುತ್ತದೆ. ಕೊನೆಗೆ ಸಿಹಿ ನೀರಲ್ಲಿ ಚೆನ್ನಾಗಿ ತೊಳೆಯಿರಿ.

ಕಟಪಾಡಿ ಬದನೆ:
ಯಾವ ತರಕಾರಿ ಅಂತಲೇ ಹೇಳಲಿಲ್ಲವಲ್ಲ?

ಬ್ರಹ್ಮಾವರದ ಹಿತ್ತಿಲು:
ಬಳ್ಳಿ ಅಂದೆನಲ್ಲ, ಹೀರೆ ಮತ್ತು ಹಾಗಲ. ಮನೆಯದ್ದೇ ಬೀಜ.

ಗದ್ದೆಬದಿ:
ಯಾವುದಾದರೂ ಒಂದೇ. ಮೊಟ್ಟೆ ತೇಲಿತಾ ಇಲ್ವಾ, ಅದು ಹೇಳಿ.

ಕಟಪಾಡಿ ಬದನೆ:
ಒಂದೇ ಹೇಗಾಗುತ್ತದೆ ಅಣ್ಣ? ಹಾಗಲದ ಸಿಪ್ಪೆ ದಪ್ಪ, ಒಣಗಿದಾಗ ಸಿಪ್ಪೆಗೂ ತಿರುಳಿಗೂ ನಡುವೆ ಗಾಳಿ ನಿಲ್ಲುತ್ತದೆ. ಒಳ್ಳೆಯ ಬೀಜವೂ ತೇಲಬಹುದು. ತೇಲಿಸಿ ಆರಿಸುವುದಾದರೆ ಹಣ್ಣಿನಿಂದ ತೆಗೆದ ಹಸಿ ಬೀಜದಲ್ಲೇ ಆರಿಸಬೇಕು. ನಾವು ಗುಳ್ಳ ಬದನೆಯನ್ನು ಹಳದಿಯಾಗುವವರೆಗೆ ಗಿಡದಲ್ಲೇ ಬಿಟ್ಟು, ಆಮೇಲೆ ನೀರಲ್ಲಿ ಹಿಸುಕುತ್ತೇವೆ. ತಿರುಳು, ಜೊಳ್ಳು ಮೇಲೆ, ಬಲಿತ ಬೀಜ ತಳದಲ್ಲಿ.

ಕದ್ರಿ ತಾರಸಿ ತೋಟ:
ನನ್ನ ತಾರಸಿಯಲ್ಲೂ ಮಟ್ಟು ಗುಳ್ಳ ಉಂಟು, ಗ್ರೋ ಬ್ಯಾಗಲ್ಲೇ ಗೊಂಚಲು ಬಿಟ್ಟಿದೆ! ಡ್ರಿಪ್ ಹಾಕಿದ್ದೇನೆ, ಶೇಡ್ ನೆಟ್ ಹೊಸದು. ಬೀಜ ಆರಿಸಲು ಮೂರು ಜರಡಿ ಇಟ್ಟಿದ್ದೇನೆ, ಬೆಂಡೆಯಲ್ಲಿ ದೊಡ್ಡ ಬೀಜದ ಸಸಿ ಎಷ್ಟು ಗಟ್ಟಿ ಬರುತ್ತದೆ ಗೊತ್ತಾ?

ಕಟಪಾಡಿ ಬದನೆ:
ಕದ್ರಿಯಲ್ಲಿ ಬೆಳೆದದ್ದನ್ನು ಮಟ್ಟು ಗುಳ್ಳ ಅನ್ನಬೇಡಿ. 2011ರಲ್ಲಿ ಜಿಐ, ಅಂದರೆ ಊರಿನ ಹೆಸರಿಗೆ ಕೊಡುವ ಭೌಗೋಳಿಕ ಗುರುತು, ಸಿಕ್ಕಿದ್ದು ನಮ್ಮ ಮಟ್ಟು ಊರಿನಲ್ಲಿ ಬೆಳೆದದ್ದಕ್ಕೆ. ಪಕ್ಕದಲ್ಲಿ ಬೇರೆ ಬದನೆ ಇದ್ದರೆ ಜೇನು ಬಂದು ನಿಮ್ಮ ಬೀಜ ಬೆರಕೆಯಾಗಿರುತ್ತದೆ.

ಕದ್ರಿ ತಾರಸಿ ತೋಟ:
ಬೀಜ ತಂದದ್ದು ಮಟ್ಟುವಿನಿಂದಲೇ. ರುಚಿ ನೋಡಿ ಮಾತಾಡಿ.

ಮೂಡುಬಿದಿರೆ ಅಕ್ಕ:
ಗುಳ್ಳದ ಜಗಳ ಬೇರೆ ಕಡೆ ಮಾಡಿ. ಹಿತ್ತಿಲಿನವರೇ, ಬೀಜ ಯಾವ ವರ್ಷದ್ದು, ಎಲ್ಲಿಟ್ಟಿದ್ದಿರಿ?

ಬ್ರಹ್ಮಾವರದ ಹಿತ್ತಿಲು:
ಹೋದ ವರ್ಷಕ್ಕಿಂತ ಹಿಂದಿನದ್ದು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಅಟ್ಟದಲ್ಲಿ ಇಟ್ಟದ್ದು.

ಮೂಡುಬಿದಿರೆ ಅಕ್ಕ:
ಹಾಗಾದರೆ ಉಪ್ಪಿನ ಮಾತು ಬಿಡಿ. ಮುಳುಗಿದರೆ ತಿರುಳು ತುಂಬಿದೆ ಅಂತ ಮಾತ್ರ ಅರ್ಥ, ಜೀವ ಉಂಟು ಅಂತ ಅಲ್ಲ. ಸತ್ತ ಬೀಜಕ್ಕೂ ತೂಕ ಇರುತ್ತದೆ. ನಮ್ಮ ಮಳೆಗಾಲದ ತೇವವನ್ನು ತೊಟ್ಟೆ ತಡೆಯುವುದಿಲ್ಲ. ಬೀಜದ ತೇವ ಶೇ. 1 ಇಳಿದರೆ ಆಯುಸ್ಸು ಸುಮಾರು ಎರಡು ಪಟ್ಟು ಅಂತ ಲೆಕ್ಕ, ಏರಿದರೆ ಅಷ್ಟೇ ಬೇಗ ಹಾಳು. ಉಳಿದ ಬೀಜವನ್ನು ಗೆರಸೆಯಲ್ಲಿ ಕೇರಿ, ಒಡೆದದ್ದು, ತೂತು ಬಿದ್ದದ್ದು ತೆಗೆಯಿರಿ. 20 ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಟ್ಟೆ ಒಣಗದ ಹಾಗೆ ನೋಡಿಕೊಳ್ಳಿ. ಪ್ರಮಾಣಿತ ಬೀಜಕ್ಕೆ ಹೀರೆಗೂ ಹಾಗಲಕ್ಕೂ ಕನಿಷ್ಠ ಶೇ. 60 ಮೊಳಕೆ ಬರಬೇಕು, ಅಂದರೆ 20ಕ್ಕೆ 12. ತುಂಬಾ ಕಡಿಮೆ ಬಂದರೆ ಆ ಬೀಜ ಬಿಡಿ. ಮುಂದಿನ ಸಲ ಚೆನ್ನಾಗಿ ಒಣಗಿಸಿ ಬಿಗಿ ಮುಚ್ಚಳದ ಬಾಟಲಿಯಲ್ಲಿ ಒಣ ಬೂದಿ ಜೊತೆ ಇಡಿ.

ಗದ್ದೆಬದಿ:
ಆದರೂ ಮೊಟ್ಟೆ ಒಮ್ಮೆ ನೋಡಬೇಕಿತ್ತು.

ಬ್ರಹ್ಮಾವರದ ಹಿತ್ತಿಲು:
ಎರಡರದ್ದೂ ಸುತ್ತಿ ಇಟ್ಟೆ ಅಕ್ಕ. ಹಾಗಲದ ಸಿಪ್ಪೆಯ ತುದಿ ನೈಲ್ ಕಟರಲ್ಲಿ ಸ್ವಲ್ಪ ಕತ್ತರಿಸಬೇಕಾ, ಸುಮ್ನೆ ರಾತ್ರಿ ನೆನೆಸಿದರೆ ಸಾಕಾ? ಹೊಸ ಹೀರೆ ಬೀಜ ಯಾರಲ್ಲಾದರೂ ಉಂಟಾ, ಉದ್ದದ್ದು?