ಏರ್ ಫಿಲ್ಟರ್, ಏಸಿ ಫಿಲ್ಟರ್: ಗಾಳಿ ಹೊಡೆಸಿದರೆ ಸಾಕಾ, ಬದಲಾಯಿಸಲೇಬೇಕಾ?

ಆಲೆಮನೆ_ದಾರಿ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ಗಾಡಿ 2017ರ ಗ್ರ್ಯಾಂಡ್ ಐ10 ಪೆಟ್ರೋಲ್, ಓಡಿರೋದು 62,000 ಕಿ.ಮೀ. ವಾರದಲ್ಲಿ ನಾಲ್ಕು ದಿನ ಮಂಡ್ಯ–ಮೈಸೂರು ಹೆದ್ದಾರಿ, ಉಳಿದಂತೆ ಹಳ್ಳಿ ರಸ್ತೆ. ದಾರಿಯಲ್ಲಿ ಎರಡು ಆಲೆಮನೆ, ಸುಗ್ಗಿಯಲ್ಲಿ ಟಾರು ರಸ್ತೆ ಮೇಲೇ ರಾಗಿ, ಹುರುಳಿ ಒಕ್ಕಣೆ.

ಇಂಜಿನ್ ಏರ್ ಫಿಲ್ಟರ್ 30,000 ಕಿ.ಮೀ.ಗೆ ಹೊಸದು ಹಾಕಿಸಿದ್ದು. ಆಮೇಲೆ ಪ್ರತಿ ಸರ್ವೀಸಿನಲ್ಲೂ ಗ್ಯಾರೇಜಿನವರು ಗಾಳಿ ಹೊಡೆದು ಅದನ್ನೇ ಕೂರಿಸುತ್ತಿದ್ದಾರೆ. ಏಸಿ ಫಿಲ್ಟರ್ ಬದಲಾಗಿದ್ದಕ್ಕೆ ಬಿಲ್ಲೇ ಇಲ್ಲ. ಈಗ ಬ್ಲೋವರ್ ಪೂರ್ತಿ ಇಟ್ಟರೆ ಸದ್ದು ಜೋರು, ಗಾಳಿ ಕಮ್ಮಿ. ಏಸಿ ಹಾಕಿದ ಮೊದಲ ಒಂದು ನಿಮಿಷ ಒದ್ದೆ ಗೋಣಿಚೀಲದ ವಾಸನೆ. ಪಿಕಪ್ ಸ್ವಲ್ಪ ಮಂದವಾಗಿದೆ, ಮೈಲೇಜ್ ಮಾತ್ರ ಮೊದಲಿನಷ್ಟೇ ಬರುತ್ತಿದೆ.

ಕೇಳಬೇಕಿರೋದು: ಗಾಳಿ ಹೊಡೆಸಿಕೊಂಡು ಎಲ್ಲಿವರೆಗೆ ಓಡಿಸಬಹುದು? ಎರಡನ್ನೂ ಮನೆಯಲ್ಲೇ ಬದಲಾಯಿಸೋಕೆ ಆಗುತ್ತಾ? ಏಸಿಗೆ ಬಿಳಿ ಫಿಲ್ಟರ್ ಸಾಕಾ, ಕಾರ್ಬನ್‌ದೇ ಬೇಕಾ?


ಹತ್ತು_ಹನ್ನೆರಡು_ಸ್ಪ್ಯಾನರ್ (ಮೈಸೂರು)

ಸಾರ್, ಇಂಜಿನ್ ಫಿಲ್ಟರ್ ವಿಷಯ ನಾನು ಹೇಳ್ತೀನಿ, ಏಸಿದು ಗೊತ್ತಿರೋರು ಹೇಳಲಿ. ಒಕ್ಕಣೆ ರಸ್ತೆಯಲ್ಲಿ 32,000 ಕಿ.ಮೀ. ಓಡಿದ ಪೇಪರ್ ಫಿಲ್ಟರಿಗೆ ಇನ್ನು ಗಾಳಿ ಹೊಡೆಸಬೇಡಿ, ಎಸೆದುಬಿಡಿ.

ಆ ಕಾಗದಕ್ಕೆ ಎಷ್ಟು ಕೆಲಸ ಬೀಳುತ್ತೆ ನೋಡಿ. 1 ಕೆ.ಜಿ. ಪೆಟ್ರೋಲ್ ಸರಿಯಾಗಿ ಉರಿಯೋಕೆ 14.7 ಕೆ.ಜಿ. ಗಾಳಿ ಬೇಕು. ನಮ್ಮ ಎತ್ತರಕ್ಕೆ ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಮ್ಮಿ 10,000 ಲೀಟರ್ ಗಾಳಿ, ಅಂದರೆ ದೊಡ್ಡ ನೀರಿನ ಟ್ಯಾಂಕರ್ ತುಂಬುವಷ್ಟು. ಅಷ್ಟೂ ಆ ಮಡಿಕೆ ಕಾಗದದ ಮೂಲಕವೇ ಹೋಗಬೇಕು. ಮಣ್ಣಿನ ದೂಳಿನಲ್ಲಿರುವ ಸಿಲಿಕಾ ಸಿಲಿಂಡರಿನ ಕಬ್ಬಿಣಕ್ಕಿಂತ ಗಟ್ಟಿ. ಒಳಗೆ ಹೋಯಿತೋ, ಪಿಸ್ಟನ್ ರಿಂಗು ಸವೆದು ಇಂಜಿನ್ ಆಯಿಲ್ ಕುಡಿಯೋಕೆ ಶುರು ಮಾಡುತ್ತೆ.

ಮೈಲೇಜ್ ಇಳಿಯದಿರೋದಕ್ಕೆ ಕಾರಣ ಇದೆ. ಇಂಜೆಕ್ಷನ್ ಗಾಡಿಯಲ್ಲಿ ಎಷ್ಟು ಗಾಳಿ ಬಂತು ಅಂತ ಸೆನ್ಸರ್ ಅಳೆದು, ಅದಕ್ಕೆ ತಕ್ಕಷ್ಟೇ ಪೆಟ್ರೋಲನ್ನು ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಬಿಡುತ್ತೆ. ಫಿಲ್ಟರ್ ಕಟ್ಟಿದರೆ ಹೋಗೋದು ಪಿಕಪ್, ಅದರಲ್ಲೂ ಓವರ್‌ಟೇಕ್ ಮಾಡುವಾಗ. ಕಾರ್ಬ್ಯುರೇಟರ್ ಕಾಲದಲ್ಲಿ ಮೈಲೇಜೂ ಬೀಳ್ತಿತ್ತು. ಹಾಗಾಗಿ ಮೈಲೇಜ್ ನೋಡಿಕೊಂಡು ಫಿಲ್ಟರಿನ ಸ್ಥಿತಿ ಅಂದಾಜು ಮಾಡೋದು ತಪ್ಪು.

ಗಾಳಿ ಹೊಡೆಯೋದು ಯಾಕೆ ಬೇಡ ಅಂದರೆ, ಗ್ಯಾರೇಜಿನ ಕಂಪ್ರೆಸರ್ 7–8 ಬಾರ್ ಒತ್ತಡದ್ದು. ನಳಿಕೆಯನ್ನ ಕಾಗದಕ್ಕೆ ತಾಗಿಸಿ ಹೊಡೆದರೆ ಎಳೆಗಳು ಬಿಟ್ಟುಕೊಂಡು ಸೂಜಿಮೊನೆಯಷ್ಟು ತೂತು ಬೀಳುತ್ತವೆ. ಕಣ್ಣಿಗೆ ಕಾಣಲ್ಲ, ಆದರೆ ಅಲ್ಲಿಂದ ದೂಳು ಸಲೀಸಾಗಿ ಹೋಗುತ್ತೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಮೇಲೆ ತೆಳ್ಳಗೆ ದೂಳಿನ ಪದರ ಕೂತ ಫಿಲ್ಟರ್ ಹೊಚ್ಚ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತೆ, ಆ ಪದರವೇ ಜರಡಿ ಆಗುತ್ತೆ. ಸುಮ್ಮಸುಮ್ಮನೆ ತೆಗೆದು ಹೊಡೆಸಿ ಹಾಕೋದರಿಂದ ಅದೂ ಹೋಯ್ತು.

ಹೊಡೆಯಲೇಬೇಕಾದ ಸಂದರ್ಭ ಬಂದರೆ ಒತ್ತಡ 2 ಬಾರ್ ಒಳಗಿರಲಿ, ನಳಿಕೆ ಒಂದು ಗೇಣು ದೂರದಲ್ಲಿರಲಿ, ಇಂಜಿನ್ ಕಡೆಯ ಶುಭ್ರ ಮುಖದಿಂದ ಕೊಳೆ ಮುಖಕ್ಕೆ ಹೊಡೆಯಿರಿ. ಉಲ್ಟಾ ಹೊಡೆದರೆ ದೂಳನ್ನ ನೀವೇ ಇನ್ನೂ ಒಳಗೆ ತಳ್ಳಿದ ಹಾಗೆ. ಆಮೇಲೆ ಕತ್ತಲಲ್ಲಿ ಒಂದು ಬದಿಯಿಂದ ಟಾರ್ಚ್ ಬಿಟ್ಟು, ಮಡಿಕೆಗಳನ್ನ ಬೆರಳಿಂದ ಒಂದೊಂದೇ ಅಗಲಿಸಿ ನೋಡಿ. ಬೆಳಕು ಮಬ್ಬಾಗಿ ಸಮನಾಗಿ ಕಂಡರೆ ಸರಿ. ಎಲ್ಲಾದರೂ ನಕ್ಷತ್ರದ ಹಾಗೆ ಚುಕ್ಕಿ ಹೊಳೆದರೆ ಅದು ತೂತು. ಕಾಗದಕ್ಕೆ ಎಣ್ಣೆ ಹಾಯಿಸಿರೋ ಫಿಲ್ಟರುಗಳೂ ಇವೆ, ಅವಕ್ಕೆ ಗಾಳಿಯೂ ಬೇಡ, ಕೊಳೆಯಾದರೆ ಬದಲಾಯಿಸಬೇಕು ಅಷ್ಟೆ. ನೀರಲ್ಲಿ ತೊಳೆಯೋದಂತೂ ಯಾವ ಪೇಪರ್ ಫಿಲ್ಟರಿಗೂ ಬೇಡ.

ಮ್ಯಾನ್ಯುಯಲ್ ತೆಗೆದರೆ ಸರ್ವೀಸ್ ಪಟ್ಟಿಯಲ್ಲಿ ಎರಡು ಅಂಕಣ ಇರುತ್ತೆ: ಮಾಮೂಲಿ ಬಳಕೆ, ದೂಳಿನ ಕಠಿಣ ಬಳಕೆ. ಗ್ಯಾರೇಜಿನವರು ಓದೋದು ಮೊದಲನೆಯದು, ನಿಮ್ಮ ಗಾಡಿಗೆ ಸೇರಬೇಕಾದ್ದು ಎರಡನೆಯದು. ನಿಮ್ಮ ರಸ್ತೆಗೆ 15,000–20,000 ಕಿ.ಮೀ.ಗೆ ಹೊಸದು ಹಾಕಿ, ಸುಗ್ಗಿ ಮುಗಿದ ಮೇಲೆ ಒಂದು ಸಲ ತೆಗೆದು ನೋಡಿ. ಸಣ್ಣ ಕಾರಿನದು ಸಾಮಾನ್ಯವಾಗಿ 250ರಿಂದ 500 ರೂಪಾಯಿ ಒಳಗೇ ಬರುತ್ತೆ, ಅದರಲ್ಲಿ ಉಳಿತಾಯ ನೋಡಬೇಡಿ.

ಬದಲಾಯಿಸೋದು ಹತ್ತು ನಿಮಿಷದ ಕೆಲಸ. ಇಂಜಿನ್ ತಣ್ಣಗಿರಲಿ. ಬಾನೆಟ್ ಎತ್ತಿ ಏರ್ ಬಾಕ್ಸಿನ (ಫಿಲ್ಟರ್ ಕೂರೋ ಡಬ್ಬಿ) ಸ್ಪ್ರಿಂಗ್ ಕ್ಲಿಪ್ ಬಿಚ್ಚಿ, ಮುಚ್ಚಳ ಎತ್ತಿ. ವೈರು, ಪೈಪು ಎಳೆದಾಡಬೇಡಿ, ಫಿಲ್ಟರ್ ಹೊರಗೆ ಬರುವಷ್ಟು ಜಾಗ ಸಿಕ್ಕರೆ ಸಾಕು. ಹಳೆಯದನ್ನ ಓರೆ ಮಾಡದೆ ತೆಗೆಯಿರಿ. ಇಂಜಿನ್ ಕಡೆ ಹೋಗೋ ಪೈಪಿನ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿ, ತುದಿ ಹೊರಗೆ ಕಾಣೋ ಹಾಗೆ ಬಿಡಿ, ಮರೆತು ಮುಚ್ಚಿದರೆ ಕಷ್ಟ. ಡಬ್ಬಿಯ ತಳದ ಎಲೆ, ಹೊಟ್ಟು, ಹುಳ ಎಲ್ಲಾ ವ್ಯಾಕ್ಯೂಮ್‌ನಲ್ಲಿ ಎಳೆದು, ಒದ್ದೆ ಬಟ್ಟೆಯಿಂದ ಒರೆಸಿ. ತಳದಲ್ಲಿ ನೀರಿಳಿಯೋ ಸಣ್ಣ ತೂತಿದ್ದರೆ ಅದೂ ಕಟ್ಟಿರಬಾರದು. ಹೊಸ ಫಿಲ್ಟರಿನ ರಬ್ಬರ್ ಅಂಚು ಸುತ್ತಲೂ ಡಬ್ಬಿಯ ತೋಡಿನಲ್ಲಿ ಕೂತಿದೆಯಾ ಅಂತ ಬೆರಳು ಓಡಿಸಿ ನೋಡಿ. ಬಟ್ಟೆ ತೆಗೆಯಿರಿ. ಮುಚ್ಚಳದ ಹಿಂಬದಿ ಕೊಕ್ಕೆ ಮೊದಲು, ಕ್ಲಿಪ್ ಕೊನೆಗೆ. ಕ್ಲಿಪ್ ಹಾಕೋಕೆ ಜೋರು ಬೇಕಾದರೆ ಮುಚ್ಚಳ ಸರಿಯಾಗಿ ಕೂತಿಲ್ಲ ಅಂತಲೇ ಅರ್ಥ.

ತೊಳೆದು ಎಣ್ಣೆ ಸವರಿ ಹಾಕೋ ಹತ್ತಿಬಟ್ಟೆಯ ಫಿಲ್ಟರ್ ಕೊಳ್ಳಿ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಎಣ್ಣೆ ಹೆಚ್ಚಾದರೆ ಗಾಳಿ ಅಳೆಯೋ ಬಿಸಿತಂತಿ ಸೆನ್ಸರ್ ಇರೋ ಗಾಡಿಗಳಲ್ಲಿ ಆ ತಂತಿಗೇ ಅಂಟುತ್ತೆ. ನಮ್ಮ ದೂಳಿಗೆ ಪೇಪರೇ ಸರಿ.


ತಂಪುಗಾಳಿ (ಮೈಸೂರು)

ಏಸಿ ಫಿಲ್ಟರ್ ವಿಷಯಕ್ಕೆ ಬರ್ತೀನಿ. ಸದ್ದು ಜೋರು, ಗಾಳಿ ಕಮ್ಮಿ ಅಂದರೆ ಫಿಲ್ಟರ್ ಕಟ್ಟಿದೆ. ವಾಸನೆ ಮಾತ್ರ ಬರೀ ಫಿಲ್ಟರಿನದ್ದಲ್ಲ, ಒಳಗೆ ಗಾಳಿ ತಂಪು ಮಾಡೋ ಕಾಯಿಲ್‌ದು. ಏಸಿ ಓಡುವಾಗ ಕಾಯಿಲ್ ಮೇಲೆ ನೀರು ಕಟ್ಟುತ್ತೆ. ಕಟ್ಟಿದ ಫಿಲ್ಟರಿನ ಅಂಚಿನಿಂದ ನುಸುಳಿದ ದೂಳು ಆ ಒದ್ದೆಗೆ ಅಂಟಿ ಬೂಷ್ಟು ಬೆಳೆಯುತ್ತೆ. ಹೊಸ ಫಿಲ್ಟರ್ ಹಾಕಿದ ದಿನವೇ ವಾಸನೆ ಪೂರ್ತಿ ಹೋಗಲಿಲ್ಲ ಅಂತ ಬೇಸರ ಪಡಬೇಡಿ.

ಡ್ಯಾಶ್‌ಬೋರ್ಡ್ ಡಬ್ಬಿಯನ್ನ (ಗ್ಲೋವ್ ಬಾಕ್ಸ್) ಪೂರ್ತಿ ಖಾಲಿ ಮಾಡಿ. ನಿಧಾನ ತೆರೆಯೋಕೆ ಇರೋ ದಾರ ಅಥವಾ ಕಡ್ಡಿ ಪಕ್ಕದಲ್ಲಿದ್ದರೆ ಮೊದಲು ಅದನ್ನ ಬಿಡಿಸಿ. ಎರಡೂ ಬದಿಯ ಸ್ಟಾಪರ್ ತೆಗೆದರೆ ಡಬ್ಬಿ ಪೂರ್ತಿ ಕೆಳಕ್ಕೆ ವಾಲುತ್ತೆ. ಹಿಂದೆ ಉದ್ದನೆಯ ಪ್ಲಾಸ್ಟಿಕ್ ಮುಚ್ಚಳ, ಅದರ ನಾಲಿಗೆ ಒತ್ತಿ ಎಳೆಯಿರಿ. ಫಿಲ್ಟರನ್ನ ಮಟ್ಟಸವಾಗಿ, ಆದಷ್ಟು ನಿಧಾನಕ್ಕೆ ಹೊರಗೆ ತನ್ನಿ. ಓರೆಯಾದರೆ ಮೇಲಿನ ಎಲೆ, ಕಸ ಎಲ್ಲಾ ಬ್ಲೋವರ್ ಫ್ಯಾನಿಗೆ ಬಿದ್ದು ಆಮೇಲೆ ಟಕಟಕ ಅಂತ ಸದ್ದು ಬರುತ್ತೆ. ಬ್ಲೋವರ್ ಆಫ್ ಇರಲಿ.

ಹೊಸ ಫಿಲ್ಟರಿನ ಅಂಚಲ್ಲಿ ಬಾಣದ ಗುರುತಿರುತ್ತೆ, ಅದು ಗಾಳಿ ಹರಿಯೋ ದಿಕ್ಕು. ಹಳೆಯದರ ಯಾವ ಮುಖ ಕಪ್ಪಾಗಿದೆಯೋ ಆ ಕಡೆಯಿಂದ ಗಾಳಿ ಬರುತ್ತೆ, ಹಾಗಾಗಿ ಬಾಣ ಶುಭ್ರ ಮುಖದ ಕಡೆ ತೋರಬೇಕು. ಹಳೆಯದನ್ನೇ ಯಾರೋ ಉಲ್ಟಾ ಹಾಕಿದ್ದರೂ ಈ ಲೆಕ್ಕ ತಪ್ಪಲ್ಲ.

ಬಿಳಿಯದು ದೂಳು, ಪರಾಗ ಹಿಡಿಯುತ್ತೆ, ವಾಸನೆ ಹಿಡಿಯಲ್ಲ. ಬೂದು ಬಣ್ಣದ ಕಾರ್ಬನ್ ಫಿಲ್ಟರ್ ಹೊಗೆ ವಾಸನೆಯನ್ನೂ ಎಳೆದುಕೊಳ್ಳುತ್ತೆ, ಆದರೆ ಅದರ ಶಕ್ತಿ ಮುಗಿದ ಮೇಲೆ ಅದೂ ಬರೀ ದೂಳಿನ ಫಿಲ್ಟರೇ. ಆಲೆಮನೆ ದಾರಿ ಅಂದಮೇಲೆ ಕಾರ್ಬನ್‌ದೇ ಹಾಕಿ. 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದಕ್ಕೆ ಬದಲಾಯಿಸಿ. ಇದಕ್ಕೂ ಗಾಳಿ ಹೊಡೆಸಬೇಡಿ, ಎಳೆಗಳ ನಡುವೆ ಸಿಕ್ಕಿದ್ದು ಬರಲ್ಲ. ಅತಿ ಸಣ್ಣ ಕಣ ಹಿಡಿಯೋ ದಪ್ಪ ಫಿಲ್ಟರುಗಳೂ ಸಿಗುತ್ತವೆ, ಸಣ್ಣ ಬ್ಲೋವರಿಗೆ ಅವು ಭಾರ, ತಂಪು ಹಿಂದಿನ ಸೀಟಿಗೆ ಮುಟ್ಟಲ್ಲ.

ಫಿಲ್ಟರ್ ಹೊರಗಿರುವಾಗಲೇ ಇನ್ನೊಂದು ಕೆಲಸ: ವೈಪರ್ ಬುಡದ ಜಾಲರಿ ಹತ್ತಿರ ಕೂತಿರೋ ಎಲೆ ಎಲ್ಲಾ ತೆಗೆಯಿರಿ. ಹೊರಗಿನ ಗಾಳಿ ಒಳಗೆ ಬರೋದು ಅಲ್ಲಿಂದಲೇ. ಮೈಸೂರಿನಲ್ಲಿ ಹೊಂಗೆ, ಗುಲ್‌ಮೊಹರ್ ಕೆಳಗೆ ನಿಲ್ಲಿಸೋ ಗಾಡಿಗಳಲ್ಲಿ ಬೇಸಿಗೆ ಹೂವೆಲ್ಲಾ ಅಲ್ಲೇ ಕೊಳೆತು ಗೊಬ್ಬರ ಆಗಿರುತ್ತೆ.

ವಾಸನೆಗೆ: ಮನೆ ತಲುಪೋಕೆ ಎರಡು ಮೂರು ನಿಮಿಷ ಇರುವಾಗ ಏಸಿ ಬಟನ್ ಆಫ್ ಮಾಡಿ, ಬ್ಲೋವರ್ ಮಾತ್ರ ಓಡಲಿ. ಕಾಯಿಲ್ ಒಣಗುತ್ತೆ. ಎರಡು ವಾರ ಹೀಗೆ ಮಾಡಿಯೂ ವಾಸನೆ ಉಳಿದರೆ ಆಗ ಕಾಯಿಲ್ ಕ್ಲೀನಿಂಗ್ ಯೋಚಿಸಿ. ಏಸಿ ಓಡುವಾಗ ಗಾಡಿ ಕೆಳಗೆ ನೀರು ತೊಟ್ಟಿಕ್ಕುತ್ತಿದೆಯಾ ನೋಡಿ. ಇಲ್ಲದಿದ್ದರೆ ಡ್ರೈನ್ ಪೈಪ್ ಕಟ್ಟಿದೆ, ಆ ನೀರು ಎಡಗಡೆ ಮ್ಯಾಟ್ ಕೆಳಗೆ ಬರುತ್ತೆ.


ಗದ್ದೆ_ಬಯಲು (ಪಾಂಡವಪುರ)

ಅಣ್ಣ, ಇಬ್ಬರೂ ಚೆನ್ನಾಗಿ ಹೇಳವ್ರೆ. ನಮ್ಮ ಕಡೆ ರಸ್ತೆಗೆ ಬೇಕಾದ್ದು ಮೂರು ಮಾತು ಸೇರಿಸ್ತೀನಿ.

ಆಲೆಮನೆ ಮಸಿ ಮಣ್ಣಿನ ದೂಳಿನಂಗಲ್ಲ, ಜಿಡ್ಡು. ರಚ್ಚು (ಕಬ್ಬಿನ ಸಿಪ್ಪೆ) ಉರಿದ ಹೊಗೇಲಿ ಬರೋ ಮಸಿ ಕಾಗದಕ್ಕೆ ಅಂಟ್ಕಂಡ್ರೆ ಗಾಳಿಗೆ ಬಿಡಲ್ಲ. ಫಿಲ್ಟರ್ ನೆಲಕ್ಕೆ ತಟ್ಟಿದರೆ ಏನೂ ಉದುರಲ್ಲ, ಕ್ಲೀನಾಗದೆ ಅಂತ ಮೋಸ ಹೋಗಬೇಡಿ. ಟಾರ್ಚ್ ಬಿಟ್ಟಾಗ ಬೆಳಕೇ ಬರದಿದ್ದರೆ ಮುಗೀತು ಅಂತ. ಆಲೆಮನೆ ದಾಟೋವಾಗ, ಕಬ್ಬಿನ ತರಗು ಸುಡೋ ಕಡೆ, ಒಳಗಿನ ಗಾಳಿಯೇ ಸುತ್ತೋ ಬಟನ್ ಒತ್ಕಳಿ, ದಾಟಿದ ಮೇಲೆ ಬಿಡಿ.

ಒಕ್ಕಣೆ ಮೇಲೆ ಹಾಯಬೇಕಾದರೆ ನಿಧಾನ. ಹೊಟ್ಟು ಏರ್ ಬಾಕ್ಸಿಗೆ ಬರೋದು ಒಂದು ಕಡೆ, ಹುರುಳಿ ಸೊಪ್ಪು ಗಾಡಿ ತಳಕ್ಕೆ ಸುತ್ಕಂಡು ಸೈಲೆನ್ಸರ್ ಬಿಸಿಗೆ ಹೊತ್ಕಳೋದು ಇನ್ನೂ ದೊಡ್ಡ ಅಪಾಯ. ದಾಟಿದ ಮೇಲೆ ನಿಲ್ಲಿಸಿ ಬಗ್ಗಿ ನೋಡಿ.

ಕೊನೇದು ಇಲಿ. ಭತ್ತ ಕೊಯ್ದ ಮೇಲೆ ಗದ್ದೆ ಬಿಟ್ಟು ಬೆಚ್ಚಗಿರೋ ಜಾಗ ಹುಡುಕ್ತವೆ. ಏರ್ ಬಾಕ್ಸೊಳಗೆ ಗೂಡು ಕಟ್ಟಿ ಫಿಲ್ಟರ್ ಕಚ್ಚಿ ಚಿಂದಿ ಮಾಡ್ತವೆ. ರಾತ್ರಿ ನಿಲ್ಲಿಸೋ ಮುಂಚೆ ಆ ಒಳಗಾಳಿ ಬಟನ್ ಹಾಕೇ ಆಫ್ ಮಾಡಿ, ಹೊರಗಾಳಿ ಬಾಗಿಲು ಮುಚ್ಚಿರ್ತದೆ, ಬ್ಲೋವರ್ ಕಡೆ ಇಲಿ ಇಳಿಯಲ್ಲ. ಏರ್ ಬಾಕ್ಸಿನ ಮೂತಿಗೆ ಕಾಲಿಂಚು ಕಣ್ಣಿನ ಸ್ಟೀಲ್ ಜಾಲರಿ ಕಟ್ಟಬಹುದು. ಅದಕ್ಕಿಂತ ಸಣ್ಣ ಕಣ್ಣು ಬೇಡ, ಹೊಟ್ಟು ಕಟ್ಕಳ್ತದೆ. ನುಸಿಗುಳಿಗೆ ಮಾತ್ರ ಅಲ್ಲಿ ಇಡಬೇಡಿ, ಆ ವಾಸನೆ ನೀವೇ ಕುಡೀಬೇಕಾಗ್ತದೆ.


ಆಲೆಮನೆ_ದಾರಿ (ಮಂಡ್ಯ)

ಎಲ್ಲರಿಗೂ ಧನ್ಯವಾದ. ಎರಡನ್ನೂ ಬದಲಾಯಿಸಿದೆ, ಬ್ಲೋವರ್ ಗಾಳಿ ಈಗ ಮುಖಕ್ಕೆ ಹೊಡೆಯುತ್ತೆ. ಒಂದು ಅನುಮಾನ: ಏರ್ ಬಾಕ್ಸ್ ಮುಚ್ಚಳದ ಒಳಗಡೆ, ಅಂದರೆ ಫಿಲ್ಟರ್ ದಾಟಿದ ಮೇಲಿನ ಭಾಗದಲ್ಲಿ, ಬಿಳಿ ಬಟ್ಟೆಯಿಂದ ಒರೆಸಿದರೆ ಕೆಂಪು ದೂಳು ತೆಳ್ಳಗೆ ಬಂತು. ಹಳೇ ಫಿಲ್ಟರಿಗೆ ಟಾರ್ಚ್ ಬಿಟ್ಟರೆ ತೂತು ಕಾಣಲಿಲ್ಲ. ಹಾಗಾದರೆ ಎಲ್ಲಿಂದ ಬಂತು?


ಹತ್ತು_ಹನ್ನೆರಡು_ಸ್ಪ್ಯಾನರ್ (ಮೈಸೂರು)

ಒರೆಸಿ ನೋಡಿದ್ದು ಬಹಳ ಒಳ್ಳೇದಾಯ್ತು ಸಾರ್. ಆ ಜಾಗ ಯಾವಾಗಲೂ ಶುಭ್ರವಾಗಿರಬೇಕು. ಕಾಗದದಲ್ಲಿ ತೂತಿಲ್ಲ ಅಂದರೆ ದೂಳು ಫಿಲ್ಟರಿನ ಪಕ್ಕದಿಂದ ಬಂದಿದೆ. ಹಳೇ ಫಿಲ್ಟರಿನ ರಬ್ಬರ್ ಅಂಚನ್ನ ಬೆಳಕಿಗೆ ಹಿಡಿದು ನೋಡಿ. ಸುತ್ತಲೂ ಮುಚ್ಚಳ ಒತ್ತಿದ ಗೆರೆ ಒಂದೇ ಸಮ ಇರಬೇಕು. ಎಲ್ಲಿ ಗೆರೆ ಇಲ್ಲವೋ, ಎಲ್ಲಿ ಕೆಂಪು ಬಳಿದಿದೆಯೋ, ಅಲ್ಲಿ ಸಂದು ಇತ್ತು. ಸಾಮಾನ್ಯವಾಗಿ ಅದು ಹಿಂಬದಿ ಕೊಕ್ಕೆ ಕಡೆಯೇ, ಕೈ ಹೋಗಲ್ಲ ಅಂತ ಅಲ್ಲಿ ಸಿಕ್ಕಿಸದೆ ಮುಂದಿನ ಕ್ಲಿಪ್ ಮಾತ್ರ ಒತ್ತಿ ಹಾಕಿರ್ತಾರೆ. ಪದೇ ಪದೇ ತೆಗೆದು ಹಾಕಿ ರಬ್ಬರ್ ಗಟ್ಟಿಯಾದರೂ ಹೀಗೇ ಆಗುತ್ತೆ.

ಕೊಕ್ಕೆ ಮುರಿದಿದ್ದರೆ ಮುಚ್ಚಳ ಬದಲಾಯಿಸಿ, ಎಂ-ಸೀಲ್ ಮೆತ್ತಬೇಡಿ. ಏರ್ ಬಾಕ್ಸಿನಿಂದ ಇಂಜಿನ್ ಕಡೆಯ ಥ್ರಾಟಲ್‌ಗೆ ಹೋಗೋ ರಬ್ಬರ್ ಪೈಪನ್ನ ಬಗ್ಗಿಸಿ, ಮಡಿಕೆಗಳಲ್ಲಿ ಸೀಳು ಬಿಟ್ಟಿದೆಯಾ ನೋಡಿ, ಅದರ ಕ್ಲಾಂಪ್ ಬಿಗಿ ಮಾಡಿ. ಈಗ ಎಲ್ಲಾ ಒರೆಸಿ, 1,000 ಕಿ.ಮೀ. ಆದ ಮೇಲೆ ಅದೇ ಜಾಗ ಮತ್ತೆ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಬೆಳ್ಳಗೇ ಬಂದರೆ 20,000 ಕಿ.ಮೀ.ವರೆಗೆ ಆ ಡಬ್ಬಿ ಬಿಚ್ಚೋಕೆ ಗ್ಯಾರೇಜಿನವರಿಗೆ ಬಿಡಬೇಡಿ, ಸುಗ್ಗಿ ಮುಗಿದ ಮೇಲೆ ನೀವೇ ಒಂದು ಸಲ ನೋಡಿದರೆ ಸಾಕು.